ಕೀಲಿ ತೆಗೆದವರು ಒಳಗೆ ನೋಡಬಾರದು

ಕೀಲಿ ತೆಗೆಯುವುದನ್ನು, ಎಂದರೆ ಕೀಲಿಕೈ ಇಲ್ಲದೆ ತಂತಿಯಿಂದ ಬೀಗ ಬಿಡಿಸುವುದನ್ನು, ಕಲಿಸಿಕೊಡು ಎಂದು ಫರೀನ್ ಅಬ್ಬಾನ ಬೆನ್ನು ಹತ್ತಿದಾಗ ಅವಳಿನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುವ ಹುಡುಗಿ. ಬೈಲಹೊಂಗಲದ ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಕಟ್ಟೆಯ ತುದಿಗೆ ಸಾಮಾನಿನ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದ ರಹಿಮಾನಸಾಬ ಬಹಳ ದಿನ ಮಗಳ ಮಾತನ್ನು ನಗೆಯಲ್ಲೇ ತೇಲಿಸಿದ. ಅವಳು ಬಿಡಲಿಲ್ಲ. ಕೊನೆಗೊಂದು ಮಧ್ಯಾಹ್ನ ಹಳೆಯ ಕೀಲಿಯೊಂದನ್ನು ಅವಳ ಅಂಗೈಯಲ್ಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ಹೇಳಿದ:

"ಕೀಲಿ ತೆಗಿಯೋದು ನಮ್ಮ ಕೆಲಸ ಬೇಟಾ. ಒಳಗ ನೋಡೋದು ನಮ್ಮ ಕೆಲಸಲ್ಲ. ಎಂದೂ ನೋಡೂದಿಲ್ಲಂತ ಮಾತ ಕೊಡು, ಕಲಸ್ತೇನಿ."

ಅವಳು ಕೊಟ್ಟಳು. ತಂತಿ ಕೈಗೆ ಸಿಕ್ಕರೆ ಸಾಕೆಂಬ ಆತುರದಲ್ಲಿ ಆಗ ಅಬ್ಬಾ ಏನು ಕೇಳಿದ್ದರೂ ಕೊಡುತ್ತಿದ್ದಳು. ಆದರೆ ಮಾತು ಮಾತೇ.

ರಹಿಮಾನಸಾಬನ ಪದ್ಧತಿ ಪೇಟೆಗೆಲ್ಲ ಗೊತ್ತಿದ್ದದ್ದು. ಟ್ರಂಕಿರಲಿ, ಕಪಾಟಿರಲಿ, ಮನೆಯ ಬಾಗಿಲೇ ಇರಲಿ, ತಂತಿ ಆಡಿಸಿ ಆಡಿಸಿ ಕೊನೆಗೆ ಕಟ್ಟೆಂದು ಸದ್ದಾಯಿತೋ, ಆತ ಅಲ್ಲೇ ಕುಳಿತಲ್ಲೇ ಬೀದಿಯ ಕಡೆ ಮುಖ ತಿರುಗಿಸಿ, "ನಿಮ್ಮದ ನೀವು ನೋಡ್ಕೋರಿ" ಎಂದುಬಿಡುತ್ತಿದ್ದ. ಸಂಪಗಾಂವದ ತಂಗೆವ್ವ ಒಮ್ಮೆ ಗಂಡ ತೀರಿಕೊಂಡ ಮೇಲೆ ಆತನ ಟ್ರಂಕನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಬಂದಿದ್ದಳು. ಕೀಲಿ ತೆರೆಯಿತು, ಆಕೆ ಒಳಗೆ ನೋಡಿದಳು, ನೋಡಿ ಪೇಟೆಯ ನಟ್ಟನಡುವೆ ಕುಳಿತು ಅತ್ತಳು. ಅಷ್ಟು ಅಳುವಂಥದ್ದು ಅದರಲ್ಲೇನಿತ್ತು ಎಂದು ಆಮೇಲೆ ಊರವರೆಲ್ಲ ರಹಿಮಾನಸಾಬನನ್ನು ಸುತ್ತುವರಿದು ಕೇಳಿದರು. ಆತ ನೋಡಿರಲೇ ಇಲ್ಲ.

ಫರೀನ್ ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂರಲಿಲ್ಲ. ಕಂಪ್ಯೂಟರ್ ಓದಿದಳು, ಕಿತ್ತೂರಿನ ಆಚೆಗಿರುವ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯದ ಸಹಾಯಕಿಯಾಗಿ ಗುತ್ತಿಗೆ ಮೇಲೆ ಸೇರಿದಳು. ಆದರೆ ಸುತ್ತಿ ಬಳಸಿ ಕೊನೆಗೆ ಬಂದು ಮುಟ್ಟಿದ್ದು ಅಪ್ಪನ ಕೆಲಸಕ್ಕೇ. ವಿಶ್ವವಿದ್ಯಾಲಯದ, ಅದರ ಕೆಳಗಿನ ಸವದತ್ತಿ, ರಾಮದುರ್ಗದ ಕಾಲೇಜುಗಳ ಇಮೇಲು, ಫಲಿತಾಂಶ, ಹಾಜರಿ, ಎಲ್ಲಕ್ಕೂ ಕಾವಲು ಅವಳದು. ಯಾರ ಖಾತೆಯೊಳಗೆ ಯಾರು ಹೊಕ್ಕರು, ಹೊಗಬಾರದವರು ಎಲ್ಲಿಂದ ನುಸುಳಿದರು ಎಂದು ನೋಡುವುದು, ನುಸುಳಿದರೆ ಹೊರಗೆ ಹಾಕುವುದು. ಸೈಬರ್ ಸುರಕ್ಷತೆ ಎಂದು ಈ ಕೆಲಸಕ್ಕೆ ಹೆಸರು. ಬೇರೆ ಯಾರೂ ಬೇಡವೆಂದಾಗ ಇವಳ ಕೊರಳಿಗೆ ಬಿದ್ದದ್ದು, ಮಾಡುತ್ತ ಮಾಡುತ್ತ ಇವಳಿಗೆ ಪ್ರೀತಿಯದಾಗಿಬಿಟ್ಟಿತ್ತು.

ಕಲಿತದ್ದೆಲ್ಲ ಬಸ್ಸಿನಲ್ಲಿ. ಬೆಳಿಗ್ಗೆ ಮಗಳು ಜೀನತಳ ತಲೆ ಬಾಚಿ, ಎರಡು ಡಬ್ಬಿ ಕಟ್ಟಿ, ಮಗುವನ್ನು ತನ್ನ ತಾಯಿ ಮೌಲಾಬಿಯ ಕೈಗೆ ಕೊಟ್ಟು ಬಸ್ ಹಿಡಿದಳೆಂದರೆ ಕಿವಿಗೆ ವಯರು ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಪಾಠ. ಪಕ್ಕದ ಸೀಟಿನವಳ ಕೋಳಿ ಬುಟ್ಟಿಯಿಂದ ಕುತ್ತಿಗೆ ಚಾಚಿ ಪರದೆಯನ್ನು ಕುಕ್ಕುವಾಗಲೂ ಪಾಠ. ಗಂಡ ಅತೀಕ ಲಾರಿಯ ಮೇಲೆ ಇರುವವನು. ಇಂದು ಹುಬ್ಬಳ್ಳಿ, ನಾಳೆ ಸಾಂಗಲಿ. ಮನೆಗೆ ಬಂದ ದಿನ ಹೆಂಡತಿಯ ಮೊಬೈಲು ಚಾರ್ಜಿಗೆ ಹಾಕಿಕೊಡುವುದೇ ಆತ ಅವಳ ಓದಿಗೆ ಮಾಡುವ ಸಹಾಯ, ಮತ್ತು ಅದನ್ನು ಆತ ಎಂದೂ ಮರೆಯುವುದಿಲ್ಲ.

ಇಷ್ಟರ ನಡುವೆ ಅವಳಿಗೆ ಒಂದೇ ಆಸೆಯಿತ್ತು. ಪುಣೆ. ಅಲ್ಲಿ ವರ್ಷಕ್ಕೊಮ್ಮೆ ಎರಡು ತಿಂಗಳ ತರಬೇತಿ ನಡೆಯುತ್ತದೆ, ಅಲ್ಲೇ ಇದ್ದು ಕಲಿಯಬೇಕು, ಕೊನೆಗೆ ಪರೀಕ್ಷೆ. ಪಾಸಾಗಿ ಬಂದವರಿಗೆ ವಿಶ್ವವಿದ್ಯಾಲಯದ ಸುರಕ್ಷತಾ ವಿಭಾಗದ ಕಾಯಂ ಹುದ್ದೆ. ಹೆಸರು ಕಳಿಸುವವರು ಕಂಪ್ಯೂಟರ್ ಕೇಂದ್ರದ ನಿರ್ದೇಶಕರಾದ ಸೋಮಪ್ಪ ಸರ್. ಮೊದಲ ವರ್ಷ ಹೋದವನು ಪರೀಕ್ಷೆ ಪಾಸಾಗಿ ಅಲ್ಲಿಂದಲೇ ಬೇರೆ ಕಡೆ ನೌಕರಿ ಹಿಡಿದ. ಹೋದ ವರ್ಷ ಮಾಂತೇಶ ಹೋಗಿಬಂದ. ಪರೀಕ್ಷೆ ಕೈಕೊಟ್ಟಿತು, ಹುದ್ದೆ ಹಾಗೇ ಖಾಲಿ ಉಳಿಯಿತು. ಈಗ ಪಕ್ಕದ ಮೇಜಿನಲ್ಲಿ ಕುಳಿತು ಫರೀನಳನ್ನೇ ಸಂಶಯ ಕೇಳುತ್ತಾನೆ. ಕೇಳುವಾಗ, "ಅಕ್ಕಾ, ಪುಣೆದಾಗ ಇದನ್ನ ಹೇಳಿದ್ರು, ಖರೇ, ಆದ್ರ ಆವತ್ತ ಊಟಕ್ಕ ಪೂರಣಪೋಳಿ ಮಾಡಿದ್ರು" ಎನ್ನುತ್ತಾನೆ. ಒಳ್ಳೆಯ ಹುಡುಗ, ಅವನ ಮೇಲೆ ಸಿಟ್ಟು ಮಾಡಲೂ ಬರುವುದಿಲ್ಲ.

ಎರಡು ಸಲವೂ ಅರ್ಜಿ ಹಾಕಿದ್ದಳು. ಎರಡು ಸಲವೂ ಅವಳ ಹೆಸರು ಹೋಗಲಿಲ್ಲ, ಯಾಕಿಲ್ಲ ಎಂದು ಯಾರೂ ಹೇಳಲಿಲ್ಲ. ಸೋಮಪ್ಪ ಸರ್ ಎಲ್ಲರೆದುರೂ ಅವಳನ್ನು ಹೊಗಳುವವರು. ಆದ್ದರಿಂದಲೇ ಅವಳಿಗೆ ಅದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಾಗಿತ್ತು. ಈ ವರ್ಷ ಮತ್ತೆ ಹಾಕಿದ್ದಳು.

ಹೀಗಿರುವಾಗ ಲಗ್ನಪತ್ರಿಕೆಯ ಗದ್ದಲವಾಯಿತು.

ಸವದತ್ತಿಯ ತಮ್ಮ ಮನೆಯಲ್ಲಿದ್ದ ಸೋಮಪ್ಪ ಸರ್ ಮೊಬೈಲಿಗೆ ಒಂದು ದಿನ ಹಳೆಯ ವಿದ್ಯಾರ್ಥಿಯ ಹೆಸರಿನಲ್ಲಿ ಲಗ್ನಪತ್ರಿಕೆ ಬಂತು. ನಮ್ಮ ಕಡೆ ಲಗ್ನಪತ್ರಿಕೆ ಬಂದರೆ ತೆರೆಯದೆ ಇಡುವ ಪದ್ಧತಿಯಿಲ್ಲ. ಹೋಗದಿದ್ದರೂ ನಡೆದೀತು, ನೋಡಲೇ ಇಲ್ಲ ಎಂದರೆ ಜನ ಬಹಳ ದಿನ ಆಡಿಕೊಳ್ಳುತ್ತಾರೆ. ಸರ್ ಒತ್ತಿದರು. ಅದು ಪತ್ರಿಕೆಯಲ್ಲ, ಪತ್ರಿಕೆಯ ವೇಷದ ಕಳ್ಳ ಆ್ಯಪು. ಒಳಗೆ ಹೊಕ್ಕು ಅವರಿಗೆ ಬರುವ ಓಟಿಪಿಗಳನ್ನು ಕದ್ದು ಓದಿ, ಅವರ ವಿಶ್ವವಿದ್ಯಾಲಯದ ಇಮೇಲಿಗೂ ನುಗ್ಗಿತು. ಆಮೇಲೆ ಅದೇ ಪತ್ರಿಕೆಯನ್ನು ಸರ್ ಹೆಸರಿನಲ್ಲಿ ಎಲ್ಲ ಕಾಲೇಜುಗಳಿಗೆ ಕಳಿಸಿತು.

ಸರ್ ಮನೆಯಲ್ಲಿ ಲಗ್ನದ ವಯಸ್ಸಿಗೆ ಬಂದ ಮಗಳು ಸ್ನೇಹಲ್ ಇದ್ದದ್ದು ಎಲ್ಲರಿಗೂ ಗೊತ್ತು. ಅಂತೂ ಹುಡುಗಿಗೆ ಗಂಡು ಗೊತ್ತಾಯಿತು ಎಂದು ಎಲ್ಲರೂ ಸಂಭ್ರಮದಿಂದ ಒತ್ತಿದರು. ಒತ್ತಿ, ಏನೂ ತೆರೆಯಲಿಲ್ಲವೆಂದು ಮತ್ತೊಮ್ಮೆ ಒತ್ತಿದರು. ಸವದತ್ತಿ ಕಾಲೇಜಿನ ಪ್ರಾಚಾರ್ಯರಂತೂ ಹೆಂಡತಿಯ ಮೊಬೈಲಿಗೂ ಕಳಿಸಿ ಅಲ್ಲಿಯೂ ಒತ್ತಿಸಿದರು. ಹಿಂದಿನ ತಿಂಗಳಷ್ಟೇ ಫರೀನ್ ಅದೇ ಕಾಲೇಜಿನಲ್ಲಿ ನಿಂತು, ಗೊತ್ತಿಲ್ಲದ್ದನ್ನು ಒತ್ತಬೇಡಿ ಎಂದು ಪಾಠ ಹೇಳಿಬಂದಿದ್ದಳು. ಈಗ ಫೋನಿನಲ್ಲಿ ಅದನ್ನು ನೆನಪಿಸಿದಾಗ ಪ್ರಾಚಾರ್ಯರು ನೊಂದುಕೊಂಡರು. "ಗೊತ್ತಿಲ್ಲದ್ದ ಅಂದ್ರ ಹೆಂಗವಾ? ಹುಡುಗಿನ ತೊಟ್ಲಾಗ ನೋಡೀನಿ ನಾ."

ಫರೀನ್ ಮೊದಲು ಸರ್ ಖಾತೆಗೆ ಬೀಗ ಹಾಕಿದಳು. ಎಲ್ಲ ಕಾಲೇಜುಗಳಿಗೆ ಫೋನು ಹಚ್ಚಿ, ಒತ್ತಿದವರೆಲ್ಲ ಮೊಬೈಲು ಆರಿಸಿರಿ ಎಂದಳು. ಹೀಗೆ ಫೋನು ಮಾಡುತ್ತ ರಾಮದುರ್ಗಕ್ಕೆ ಬಂದಾಗ ಒಂದು ಸೋಜಿಗ. ಅಲ್ಲಿ ಒಬ್ಬರೂ ಒತ್ತಿರಲಿಲ್ಲ. ಯಾಕೆಂದು ಕೇಳಿದರೆ ಹಿರಿಯ ಗುಮಾಸ್ತ ಮಡಿವಾಳೆಪ್ಪ ಒತ್ತಗೊಟ್ಟಿರಲಿಲ್ಲ. ಕಳ್ಳತನದ ಸುಳಿವು ಆತನಿಗೆ ಸಿಕ್ಕಿತ್ತೆಂದಲ್ಲ. ಆತನಿಗೆ ಬೇಸರವಾಗಿತ್ತು.

"ಸೋಮಪ್ಪಗ ನಾ ಕಾಲೇಜಿನ್ಯಾಗಿಂದ ಗೆಣೆಯಾ. ಮನಿಗೆ ಬಂದು ಕುಂಕುಮ ಹಚ್ಚಿ, ಅಕ್ಷತಿ ಕೊಟ್ಟು ಕರೀಲಿ, ಹೊತ್ತ ಮುಂದಾಗಿ ಹೋಗಿ ಪಂಗತಿ ಬಡಸ್ತೇನಿ. ಫೋನಿನ್ಯಾಗ ಒಗದ್ರ ಯಾಕ ತೆಗೀಲಿ? ನಮ್ಮ ಆಫೀಸಿನ ಮಂದಿಗೂ ಹೇಳೀನಿ, ಯಾರರ ತೆಗದೀರಿ ಅಂದ್ರ ನನ್ನ ಜೋಡಿ ಚಾ ಇಲ್ಲ ಅಂತ."

ಪತ್ರಿಕೆ ಕಳಿಸಿದವನು ಕಳ್ಳ, ಸರ್ ಅಲ್ಲ ಎಂದು ಎಷ್ಟು ಬಿಡಿಸಿ ಹೇಳಿದರೂ ಮಡಿವಾಳೆಪ್ಪನ ಸಿಟ್ಟು ಇಳಿಯಲಿಲ್ಲ. ಕಳ್ಳನೇ ಇರಲಿ, ಹೆಸರು ಸೋಮಪ್ಪನದೇ ಇತ್ತಲ್ಲ ಎಂಬುದು ಆತನ ವಾದ. ಫರೀನ್ ಫೋನಿಟ್ಟು ಒಬ್ಬಳೇ ನಕ್ಕಳು. ನಕ್ಕು, ಮುಂದಿನ ಪಾಠದಲ್ಲಿ ಇದನ್ನೇ ಹೇಳಬೇಕು ಎಂದುಕೊಂಡಳು. ಎಚ್ಚರಿಕೆ ಎಂದರೆ ನಮ್ಮ ಜನಕ್ಕೆ ತಿಳಿಯುವುದಿಲ್ಲ, ಬೇಸರ ಮಾಡಿಕೊಳ್ಳಿ ಎಂದರೆ ತಿಳಿಯುತ್ತದೆ.

ಇನ್ನು ಉಳಿದದ್ದು ಸರ್ ಇಮೇಲು. ಮರುದಿನ ಬೆಳಿಗ್ಗೆ ಫಲಿತಾಂಶ ಹೊರಡಬೇಕು, ಅದಕ್ಕೆ ಅವರ ಖಾತೆ ಬೇಕು. ಕಳ್ಳ ಒಳಗೆ ಏನು ಮಾಡಿಟ್ಟಿದ್ದಾನೆ ಎಂದು ನೋಡದೆ ಅದನ್ನು ಮತ್ತೆ ತೆರೆಯುವಂತಿಲ್ಲ. ಸರ್ ಸ್ನೇಹಲಳ ಮೊಬೈಲಿನಿಂದ ಫೋನು ಮಾಡಿದರು. ದನಿ ಪೂರ್ತಿ ಇಳಿದುಹೋಗಿತ್ತು. ಬೆಳಗಿನಿಂದ ಬೀಗರಾಗುವವರು ಯಾರೆಂದು ಕೇಳಿ ಕೇಳಿ ಜನ ಅವರನ್ನು ಹಣ್ಣು ಮಾಡಿದ್ದರು, ಸ್ನೇಹಲ್ ಊಟ ಬಿಟ್ಟು ಕೋಣೆ ಸೇರಿದ್ದಳು. ಮನೆ ಬಿಟ್ಟು ಬರುವ ಮುಖ ತನಗಿಲ್ಲ, ನೀನೇ ತೆರೆದು ಎಲ್ಲ ನೋಡಿಬಿಡು, ಮುಚ್ಚಿಡುವಂಥದ್ದು ನನ್ನ ಹತ್ತಿರ ಏನಿದೆ ಎಂದರು.

ಫರೀನ್ ತೆರೆದಳು. ಕಳ್ಳ ಹೊಕ್ಕ ಹೊತ್ತಿನಿಂದ ಈಚೆಗಿನದನ್ನು ಮಾತ್ರ ಮುಂದಿಟ್ಟುಕೊಂಡಳು. ಬಂದ ಪತ್ರಗಳೆಲ್ಲ ತನಗೂ ಹೋಗುವಂತೆ ಆತ ಒಂದು ಕಳ್ಳದಾರಿ ಕೊರೆದಿಟ್ಟಿದ್ದ, ಅದನ್ನು ಮುಚ್ಚಿದಳು. ಆತ ಕಳಿಸಿದ್ದನ್ನು ಗುರುತು ಹಾಕಿ, ಮುಟ್ಟಿದವರಿಗೆಲ್ಲ ತಿಳಿಸಿದಳು. ಹಳೆಯ ಪತ್ರಗಳ ಹತ್ತಿರ ಹೋಗುವ ಕಾರಣವೇ ಬರಲಿಲ್ಲ. ಕಿಟಕಿಯ ಹೊರಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಮಾಂತೇಶ ಚಹಾ ತರಲು ಹೋಗಿದ್ದ. ಕೆಲಸ ಮುಗಿದಿತ್ತು.

ಇಲ್ಲಿ ಅವಳು ಬೀದಿಯ ಕಡೆ ಮುಖ ತಿರುಗಿಸಬೇಕಾಗಿತ್ತು.

ಇಷ್ಟು ವರ್ಷ ತಿರುಗಿಸಿದ್ದಳು. ಪರೀಕ್ಷೆಯ ಪ್ರಶ್ನೆಪತ್ರಿಕೆಗಳು, ಜಗಳದ ಪತ್ರಗಳು, ದೊಡ್ಡವರ ಸಣ್ಣತನಗಳು, ಏನೇನೆಲ್ಲ ಅವಳ ಕೈಕೆಳಗೆ ಹಾದುಹೋಗಿದ್ದವು; ಒಂದನ್ನೂ ಬೇಕೆಂದು ಓದಿದವಳಲ್ಲ. ಓದಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಯಾರು ಯಾವಾಗ ಏನು ತೆರೆದರು ಎಂಬುದರ ಗುರುತು ಯಂತ್ರದಲ್ಲಿ ಉಳಿಯುತ್ತದೆ. ಆದರೆ ಆ ಗುರುತನ್ನು ಪರೀಕ್ಷಿಸುವವಳೂ ಅವಳೇ.

ಬೆಳಿಗ್ಗೆ ಜೀನತ್ ಬಾಗಿಲಲ್ಲಿ ನಿಂತು, ಅಮ್ಮೀ ನೀ ದೊಡ್ಡ ಸಾಲಿಗೆ ಯಾವಾಗ ಹೋಗತಿ ಎಂದು ಕೇಳಿದ್ದಳು. ಪುಣೆಗೆ ಆ ಮಗು ಇಟ್ಟ ಹೆಸರು ದೊಡ್ಡ ಸಾಲಿ. ಯಾವಾಗ ಎಂದು ತಾಯಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಸರ್ ಇಮೇಲಿನ ಈ ಪೆಟ್ಟಿಗೆಗೆ, ಪೆಟ್ಟಿಗೆ ತೆರೆದೇ ಇತ್ತು.

ಫರೀನ್ ಹುಡುಕುವ ಜಾಗದಲ್ಲಿ ತನ್ನ ಹೆಸರು ಬರೆದಳು.

ಮೂರು ವರ್ಷದ ಪತ್ರಗಳೂ ಒಂದೇ ರೀತಿ ಇದ್ದವು. ಇತ್ತೀಚಿನದು ಹೋದ ವಾರದ್ದು, ಇನ್ನೂ ಕಳಿಸದೆ ಬರೆದಿಟ್ಟದ್ದು. ಈಕೆಯಷ್ಟು ಬಲ್ಲವರು ನಮ್ಮಲ್ಲಿ ಇಲ್ಲ ಎಂದು ಸೋಮಪ್ಪ ಸರ್ ಮೇಲಿನವರಿಗೆ ಬರೆದಿದ್ದರು. ಆದರೆ ಮಗು ಸಣ್ಣದು, ಗಂಡ ಊರಿನಲ್ಲಿ ಇರುವವನಲ್ಲ, ತಂದೆ ತಾಯಿಗೆ ವಯಸ್ಸಾಗಿದೆ. ಎರಡು ತಿಂಗಳು ಪುಣೆಯಲ್ಲಿರು ಎಂದರೆ ಈಕೆ ಇಲ್ಲವೆನ್ನುವುದಿಲ್ಲ, ಹೋಗಿ ಒದ್ದಾಡುತ್ತಾಳೆ. ನನ್ನ ಮಗಳ ಸಮಾನ, ಆ ಕಷ್ಟಕ್ಕೆ ನಾನು ನೂಕಲಾರೆ. ಈ ವರ್ಷವೂ ಬೇರೆಯವರ ಹೆಸರು ಪರಿಗಣಿಸಬೇಕೆಂದು ವಿನಂತಿ.

ಅವಳು ಅದನ್ನು ಎರಡು ಸಲ ಓದಿದಳು. ಹಗೆತನ ಇದ್ದಿದ್ದರೆ ಎಷ್ಟೋ ಹಗುರಾಗಿರುತ್ತಿತ್ತು. ಪ್ರೀತಿಯಿಂದ ಮುಚ್ಚಿದ ಬಾಗಿಲನ್ನು ಒದೆಯುವುದು ಹೇಗೆ? ಮಾಂತೇಶ ಚಹಾ ತಂದು ಮುಂದಿಟ್ಟ. ಯಾಕಕ್ಕಾ, ಕಳ್ಳ ಸಿಕ್ಕಿದನೇನು ಎಂದು ಕೇಳಿದ. ಸಿಕ್ಕಿದ ಎಂದಳು, ಪರದೆ ಮುಚ್ಚಿದಳು.

ಮರುದಿನ ಫಲಿತಾಂಶ ಸರಿಯಾಗಿ ಹೊರಟಿತು. ಸೋಮಪ್ಪ ಸರ್ ಮಧ್ಯಾಹ್ನದ ಬಸ್ಸಿಗೆ ಬಂದರು, ಬಂದವರೇ ಎಲ್ಲರನ್ನೂ ಕರೆದು ನಿಲ್ಲಿಸಿ ಮಾತಾಡಿದರು. ತಮ್ಮ ಮೂರ್ಖತನವನ್ನು ತಾವೇ ನಗೆಯಾಡಿಕೊಂಡರು. ಬರುವ ಭಾನುವಾರ ರಾಮದುರ್ಗಕ್ಕೆ ಹೋಗಿ ಮಡಿವಾಳೆಪ್ಪನ ಸಿಟ್ಟು ಇಳಿಸಿ ಬರುತ್ತೇನೆ ಎಂದರು. ಕೊನೆಗೆ ಫರೀನ್ ಕಡೆ ಕೈಮಾಡಿ, ಮನೆಯ ಕೀಲಿಕೈ ಕೊಟ್ಟರೂ ತಿರುಗಿ ನೋಡುವ ಅಗತ್ಯವಿಲ್ಲದ ಹುಡುಗಿ, ನನ್ನ ಪತ್ರವೆಲ್ಲ ಈಕೆಯ ಕೈಯಲ್ಲಿತ್ತು, ನಾನು ನಿಶ್ಚಿಂತೆಯಿಂದ ಮಲಗಿದ್ದೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಫರೀನಳಿಗೆ ಆ ಚಪ್ಪಾಳೆ ಮೈಮೇಲೆ ಏಟು ಬಿದ್ದಂತೆ ಆಯಿತು.

ಜನ ಚದುರಿದ ಮೇಲೆ ಅವಳು ಸರ್ ಕೋಣೆಗೆ ಹೋದಳು. ಅವರು ಕುಳಿತುಕೋ ಎಂದರು, ಅವಳು ನಿಂತೇ ಇದ್ದಳು.

"ಸರ್, ನಿನ್ನೆ ನಿಮ್ಮ ಇಮೇಲಿನ್ಯಾಗ ಒಂದು ಪತ್ರ ಓದೀನ್ರಿ. ಕೆಲಸಕ್ಕ ಬೇಕಾಗಿದ್ದಲ್ಲ ಅದು."

ಸರ್ ಮುಖದ ನಗು ಹಾಗೇ ನಿಂತಿತು. "ಯಾವುದು?"

"ನನ್ನ ಹೆಸರಿಂದು."

ಹೊರಗೆ ಯಾರೋ ಸೈಕಲ್ ಸ್ಟ್ಯಾಂಡು ಒದ್ದ ಸದ್ದು ಕೇಳಿಸಿತು. ಸೋಮಪ್ಪ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಮತ್ತೆ ತೆಗೆದುಕೊಂಡು ಒರೆಸಿದರು. ಅವರು ಮಾತಾಡಿದಾಗ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಿತ್ತು.

"ನಿನ್ನ ಒಳ್ಳೇದಕ್ಕ ಬರದಿದ್ದೆ ನಾ."

"ಗೊತ್ತೈತ್ರಿ. ಅದನ್ನ ಓದಿ ನನಗ ನಿಮ್ಮ ಮ್ಯಾಲ ಸಿಟ್ಟ ಬರಲಿಲ್ಲ, ಅಳು ಬಂತು. ಆದ್ರ ನನ್ನ ಮನಿ ಹೆಂಗ ನಡೀತೈತಿ ಅಂತ ನನ್ನ ಒಂದ ಮಾತ ಕೇಳಬೇಕಾಗಿತ್ತ್ರಿ ಸರ್. ಕೇಳದ ನೀವ ಒಳಗ ನೋಡಿದ್ರಿ, ನೀವ ನಿರ್ಧಾರ ಮಾಡಿದ್ರಿ."

"ನೀನೂ ನನ್ನ ಕೇಳಬೇಕಾಗಿತ್ತಲ್ಲ."

"ಹೌದ್ರಿ. ಅದನ್ನ ಹೇಳಾಕ ಬಂದೀನಿ."

ಒಬ್ಬರ ಮನೆಯೊಳಗೆ ಒಬ್ಬರು ಕೇಳದೆ ಇಣುಕಿದವರು, ಈಗ ಹೊಸ್ತಿಲಲ್ಲಿ ಎದುರುಬದುರು ಸಿಕ್ಕಿಬಿದ್ದಂತೆ ಇತ್ತು. ಫರೀನ್ ತಾನು ಬರೆದು ತಂದ ನಿಯಮವನ್ನು ಮೆಲ್ಲಗೆ ಮುಂದಿಟ್ಟಳು. ಇನ್ನು ಮುಂದೆ ಯಾರದೇ ಖಾತೆ ತೆರೆಯಬೇಕಾದರೆ ಖಾತೆಯವರು ಪಕ್ಕದಲ್ಲಿ ಕುಳಿತಿರಬೇಕು, ಅವರು ಬರಲಾಗದಿದ್ದರೆ ಇನ್ನೊಬ್ಬರು ಸಾಕ್ಷಿ ಇರಬೇಕು. ತೆರೆದವರ ಗುರುತನ್ನು ತೆರೆದವರೇ ಪರೀಕ್ಷಿಸಬಾರದು. ನಿನ್ನೆಯದಕ್ಕೆ ನನ್ನ ಮೇಲೆ ಏನು ಕ್ರಮವಿದ್ದರೂ ಆಗಲಿ ಎಂದಳು. ಸರ್ ಓದಿದರು, ಸಹಿ ಮಾಡಿದರು. ಅವಳಿಗೆ ಲಿಖಿತ ಎಚ್ಚರಿಕೆ ಕೊಡಬೇಕಾಗುತ್ತದೆ ಎಂದರು, ಕೊಡುವುದು ತಮಗೆ ಕಷ್ಟವೆಂದೂ ಹೇಳಿದರು. ಅವಳು ಕೊಡಿರಿ ಎಂದಳು. ಹೊರಡಲು ತಿರುಗಿದಾಗ ಅವರೇ ಕರೆದರು.

"ತಡಿ. ಕೇಳಿಲ್ಲ ಅಂದೆಲ್ಲ, ಈಗ ಕೇಳತೇನಿ. ಪುಣೆಕ್ಕ ಹೋಗತೀ ಏನು?"

"ಹೋಗತೇನ್ರಿ."

"ಮಗೂ?"

"ಅಕಿ ಅಪ್ಪ ಎರಡ ತಿಂಗಳ ದೂರದ ಬಾಡಿಗಿ ಹಿಡಿಯೂದಿಲ್ಲ ಅಂತ ಮೊದಲನೇ ವರ್ಷನ ಒಪ್ಪಿದ್ದನ್ರಿ. ಅವನ್ನ ಕೇಳಿದ್ರ ಹೇಳತಿದ್ದ."

ಸೋಮಪ್ಪ ಸರ್ ಕಂಪ್ಯೂಟರಿನತ್ತ ತಿರುಗಿದರು. ಬರೆದಿಟ್ಟ ಪತ್ರವನ್ನು ಅಳಿಸಿ ಹೊಸದನ್ನು ಬರೆಯತೊಡಗಿದಾಗ ಫರೀನ್ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಳು. ಬರೆದು ಮುಗಿಸಿ ಅವರೇ ಗಟ್ಟಿಯಾಗಿ ಓದಿ ಹೇಳಿದರು.

ಸಂಜೆ ಬೈಲಹೊಂಗಲದಲ್ಲಿ ಬಸ್ಸಿಳಿದವಳು ನೇರ ಮನೆಗೆ ಹೋಗದೆ ಪೇಟೆಗೆ ಹೋದಳು. ರಹಿಮಾನಸಾಬ ಪೆಟ್ಟಿಗೆ ಕಟ್ಟುವ ಹೊತ್ತು. ಕಣ್ಣು ಮಂದವಾದ ಮೇಲೆ ಆತ ಕೀಲಿಗಳನ್ನು ಕಿವಿಯಿಂದಲೇ ತೆಗೆಯುತ್ತಿದ್ದ. ಅವಳು ಪಕ್ಕದಲ್ಲಿ ಕುಳಿತು, ಚಿಕ್ಕಂದಿನಂತೆ ಸಾಮಾನುಗಳನ್ನು ಒಂದೊಂದಾಗಿ ಎತ್ತಿಕೊಡುತ್ತ ಎಲ್ಲ ಹೇಳಿದಳು. ಪುಣೆಯ ಸುದ್ದಿಯನ್ನು ಮೊದಲು ಹೇಳಿದಳು. ಆತ ಅವಳ ತಲೆ ಸವರಿದ. ಉಳಿದದ್ದನ್ನು ಆಮೇಲೆ ಹೇಳಿದಳು. ಆತನ ಕೈ ತಲೆಯ ಮೇಲೆಯೇ ಇತ್ತು, ಆದರೆ ಸವರುವುದು ನಿಂತಿತು.

"ಮಾಲಕಗ ಹೇಳಿದೇನು?"

"ಹೇಳಿದೆ ಅಬ್ಬಾ."

"ಚಲೋ ಮಾಡಿದಿ," ಎಂದ. ಪೆಟ್ಟಿಗೆಯ ಮುಚ್ಚಳ ಹಾಕಿ, "ನೋಡಲಾರದ ಇದ್ರ ಇನ್ನೂ ಚಲೋ ಇತ್ತು," ಎಂದ.

ಅವಳು ಪೆಟ್ಟಿಗೆ ಹೊತ್ತುಕೊಂಡಳು. ಆತ ಅವಳ ಭುಜ ಹಿಡಿದುಕೊಂಡ. ಇಬ್ಬರೂ ಮನೆಯ ದಾರಿ ಹಿಡಿದರು. ಪುಣೆಗೆ ಅವಳ ಹೆಸರು ಹೋಗಿತ್ತು. ಅಬ್ಬಾನಿಗೆ ಕೊಟ್ಟ ಮಾತನ್ನು ಅವಳು ಮುರಿದಿದ್ದಳು.